ಬರಿತಲೆಯ ವಸ್ತಾದರು

ಚಳಿಗಾಲದ ಬೆಳಿಗ್ಗೆ ಅವರ ತಲೆಯಿಂದ ಹಬೆ ಏಳುತ್ತಿತ್ತು. ಲಂಡನ್ನಿನ ಅಂಚಿನ ಸಟನ್ನಿನಲ್ಲಿ ನಮ್ಮ ಮನೆಗಳ ಹಿಂದಿರುವ ಹುಲ್ಲಿನ ಬಯಲನ್ನು ಸುತ್ತು ಹೊಡೆದು ಬಂದು, ಬೇಲಿಯ ಆಚೆ ಸೊಂಟದ ಮೇಲೆ ಕೈಯಿಟ್ಟು ನಿಂತು ಅವರು ಉಸಿರು ಬಿಡುವಾಗ, ಆ ನುಣ್ಣನೆಯ ಬೋಳು ತಲೆಯ ಮೇಲೆ, ಆಗಷ್ಟೇ ಒಲೆಯಿಂದ ಇಳಿಸಿದ ಅನ್ನದ ಬೋಗುಣಿಯ ಮೇಲೆ ಆಡುವಂಥ ಬಿಳಿ ಹಬೆ. ತಲೆಯೂ ಬೋಗುಣಿಯಷ್ಟೇ ದೊಡ್ಡದು. ಎಣ್ಣೆ ಹಚ್ಚಿದ ನಂದಿಯ ಬೆನ್ನಿನಂತೆ ಕಪ್ಪಗೆ ಹೊಳೆಯುತ್ತಿತ್ತು. ಅಷ್ಟು ದೊಡ್ಡ, ಅಷ್ಟು ಚಂದದ ತಲೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾನಾಗ ಮಗನ ಮನೆಗೆ ಬಂದ ಹೊಸತು. ನನ್ನ ಯಜಮಾನರು ತೀರಿಕೊಂಡ ಮೇಲೆ ಮಗ ವಿಜಯಪುರಕ್ಕೆ ಬಂದು ನನ್ನನ್ನು ಕರೆದುಕೊಂಡು ಹೋದ. ಅವನೂ ಸೊಸೆಯೂ ಆಸ್ಪತ್ರೆಯಲ್ಲಿ ಡಾಕ್ಟರು. ಒಬ್ಬರು ಮನೆಗೆ ಬರುವ ಹೊತ್ತಿಗೆ ಇನ್ನೊಬ್ಬರು ಹೊರಡುತ್ತಿದ್ದರು. ಮೊಮ್ಮಗಳು ನೀಲಾ ಹಾಲುಹಲ್ಲು ಬೀಳುವ ವಯಸ್ಸಿನವಳು, ಅವಳನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಪಕ್ಕದ ಮನೆಯ ಹಿತ್ತಲು ಕಾಣುತ್ತಿತ್ತು. ಇಬ್ಬನಿ ಹೆಪ್ಪುಗಟ್ಟಿದ ಮುಂಜಾನೆಯಲ್ಲಿ ರಸ್ತೆಯ ಗಂಡಸರೆಲ್ಲ ಉಣ್ಣೆಯ ಟೋಪಿಯನ್ನು ಕಿವಿಯ ತನಕ ಎಳೆದುಕೊಂಡು ಸ್ಟೇಷನ್ನಿಗೆ ಓಡುತ್ತಿದ್ದರು. ಪಕ್ಕದ ಮನೆಯವರೊಬ್ಬರು ಮಾತ್ರ ಬರಿತಲೆ. ಮಳೆ ಬಂದರೂ ಬರಿತಲೆ, ಹಿಮ ಬಿದ್ದರೂ ಬರಿತಲೆ.

ನನಗೆ ಜೀವ ಕಸಿವಿಸಿ. ನಮ್ಮ ಕಡೆ ವಯಸ್ಸಾದ ಗಂಡಸು ಬರಿತಲೆಯಲ್ಲಿ ಹೊಸ್ತಿಲು ದಾಟಿದರೆ ನೋಡಿದವರು ಎದೆ ಹಿಡಿದುಕೊಂಡು ಕೇಳುತ್ತಾರೆ, ಯಾರು ಹೋದರು ಎಂದು. ಪಟಕವೋ ಟೊಪ್ಪಿಗೆಯೋ ತಲೆಯ ಮೇಲಿಲ್ಲ ಎಂದರೆ ಮನೆಯಲ್ಲಿ ಸಾವಾಗಿದೆ ಎಂದೇ ಲೆಕ್ಕ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಆಜುಬಾಜಿನವರೇ ರೊಟ್ಟಿ ಒಯ್ಯಬೇಕು. ಈ ಮನುಷ್ಯನಿಗೆ ಯಾರೂ ಒಯ್ದದ್ದನ್ನು ನಾನು ನೋಡಲಿಲ್ಲ. ಬಿಳಿಯರ ಊರು, ಇವರಿಗೆ ರೀತಿ ರಿವಾಜು ತಿಳಿಯದು ಎಂದುಕೊಂಡು, ಸೌತ್‌ಹಾಲ್‌ನ ನಮ್ಮವರ ಅಂಗಡಿಯಿಂದ ತಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದು, ಕಡಲೆಹಿಟ್ಟಿನ ಝುಣಕ ಮಾಡಿ, ಒಂದು ಬಟ್ಟಲು ಮೊಸರಿಟ್ಟು, ನೀಲಾಳನ್ನು ಕೈಹಿಡಿದು ಎಳೆದುಕೊಂಡು ಹೋಗಿ ಬಾಗಿಲು ತಟ್ಟಿದೆ.

ಬಾಗಿಲು ತೆಗೆದವರ ಕೈಗೆ ತಾಟು ಕೊಟ್ಟು ಕೈಮುಗಿದೆ. "ಕೇಳು ನೀಲಾ, ಯಾರು ತೀರಿಕೊಂಡ್ರು ಅಂತ."

"ಆಯಿ! ಐ ಕಾಂಟ್ ಆಸ್ಕ್ ದಟ್!"

"ಕೇಳಂದ್ರ ಕೇಳು."

ನೀಲಾ ನೆಲ ನೋಡುತ್ತಾ ಕೇಳಿದಳು. ಅವರು ನನ್ನ ಮುಖ ನೋಡಿದರು, ತಾಟು ನೋಡಿದರು. ಆಮೇಲೆ ತಿರುಗಿ ಮನೆಯ ಒಳಗೆ ಇಣುಕಿದರು, ತನಗೆ ಹೇಳದೆ ಒಳಗೆ ಯಾರಾದರೂ ಸತ್ತಿದ್ದಾರೇನೋ ಎನ್ನುವ ಹಾಗೆ.

"ನನಗ ತಿಳಿದಮಟ್ಟಿಗೆ ಯಾರೂ ಇಲ್ಲ," ಎಂದರು, ನೀಲಾಳ ಬಾಯಲ್ಲಿ.

"ಮತ್ತ ತಲಿ ಮ್ಯಾಲ ಏನೂ ಯಾಕಿಲ್ಲ?"

ನೀಲಾ ಅದನ್ನೂ ಇಂಗ್ಲಿಷಿಗೆ ತಿರುಗಿಸಿದಳು. ಆಗ ಅವರು ನಕ್ಕರು. ಹೊಟ್ಟೆಯ ಅಡಿಯಿಂದ ಎದ್ದು ಬರುವ, ಬಾಗಿಲ ಗಾಜು ಅದುರುವಂಥ ನಗು. "ಅದು ದೊಡ್ಡ ಕಥಿ. ರೊಟ್ಟಿ ಆರತಾವ, ಮೊದಲ ಉಣ್ಣತೀನಿ."

ಸಂಜೆ ನನ್ನ ತಾಟು ತೊಳೆದು ತಂದುಕೊಟ್ಟರು. ಬರಿದಾಗಿರಲಿಲ್ಲ. ಅವರೇ ಮಾಡಿದ ಶುಂಠಿಯ ಕೇಕು ಇತ್ತು. ನನಗೆ ಅಷ್ಟು ಸಾಕಾಯಿತು. ಬರಿ ತಾಟನ್ನು ವಾಪಸು ಕೊಡದ ಮನೆಯ ಜೊತೆ ಬದುಕಬಹುದು.

ಅವರ ಮಾತು ನನಗೆ ಬಂದದ್ದೆಲ್ಲ ನೀಲಾಳ ಬಾಯಿಂದ. ನಾನು ಓದಿದ್ದು ಮೂರನೆಯ ಇಯತ್ತೆ, ಇಂಗ್ಲಿಷು ಥ್ಯಾಂಕ್ಯೂ, ಸಾರಿ ಅಷ್ಟಕ್ಕೇ ಮುಗಿಯುತ್ತದೆ. ನೀಲಾಳ ಕನ್ನಡ ನನ್ನಿಂದ ಕಲಿತದ್ದು. ಹಾಗಾಗಿ ನನ್ನ ನೆನಪಿನಲ್ಲಿ ಅವರು ಇವತ್ತಿಗೂ ವಿಜಯಪುರದ ಮಾತನ್ನೇ ಆಡುತ್ತಾರೆ. ಜಮೈಕಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬಾಳಿದವರು ಹೀಗೆ ಮಾತಾಡಿದರೇ ಎಂದು ನೀವು ನಗಬಹುದು. ನನಗೆ ಬೇರೆ ಥರ ಕೇಳಿಸುವುದೇ ಇಲ್ಲ.

ಶಾಲೆಯಲ್ಲಿ ಆಟದ ಮಾಸ್ತರಾಗಿದ್ದು ರಿಟೈರ್ ಆಗಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು, ಬರ್ಮಿಂಗ್‌ಹ್ಯಾಮಿನಲ್ಲಿ. ಒಂದು ಮಧ್ಯಾಹ್ನ ನೀಲಾ ನಮ್ಮ ಗ್ಯಾರೇಜಿನ ಗೋಡೆಗೆ ಚೆಂಡು ಒದೆಯುತ್ತಿದ್ದಳು. ಬೇಲಿಯ ಮೇಲೆ ಆ ತಲೆ ಎದ್ದಿತು.

"ಎಡಗಾಲು ಮಲಗ್ಯಾದ. ಎಬ್ಬಸು."

ನೀಲಾ ಎಡಗಾಲಲ್ಲಿ ಒದ್ದಳು. ಚೆಂಡು ಹೂವಿನ ಕುಂಡಕ್ಕೆ ಹೋಯಿತು.

"ಮತ್ತೊಮ್ಮೆ."

ಮತ್ತೆ ಕುಂಡ. "ಮತ್ತೊಮ್ಮೆ." ನನ್ನ ಕೊತ್ತಂಬರಿ ನೆಲಸಮವಾಗುವವರೆಗೂ ಅವರು ಆ ಒಂದೇ ಮಾತು ಹೇಳಿದರು. ಬೈದು ಅಲ್ಲ, ಮುದ್ದು ಮಾಡಿಯೂ ಅಲ್ಲ. ದನಿ ಏರಲಿಲ್ಲ, ಇಳಿಯಲಿಲ್ಲ. ಸೂರ್ಯ ಮತ್ತೆ ಹುಟ್ಟುತ್ತಾನೆ ಎಂದು ಹೇಳುವಷ್ಟೇ ಸರಳವಾಗಿ.

ಆ ದನಿಯನ್ನು ನಾನು ಮೊದಲು ಕೇಳಿದ್ದೆ. ನಮ್ಮಪ್ಪ ಪೈಲವಾನ. ಊರ ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದ, ಎಲ್ಲರೂ ವಸ್ತಾದ ಎನ್ನುತ್ತಿದ್ದರು. ಹೆಣ್ಣುಮಕ್ಕಳು ಗರಡಿಯ ಕೆಂಪು ಮಣ್ಣು ತುಳಿಯುವಂತಿರಲಿಲ್ಲ. ನಾನು ಹಿಂದಿನ ಗವಾಕ್ಷಿಯಲ್ಲಿ ಮುಖ ಇಟ್ಟು ನೋಡುತ್ತಿದ್ದೆ. ನನಗೆ ಸಿಕ್ಕ ಕೆಲಸ ಒಂದೇ. ಅಪ್ಪ ಕಣಕ್ಕೆ ಹೊರಡುವಾಗ ಪಟಕ ಸುತ್ತಿಕೊಳ್ಳುತ್ತಿದ್ದ. ಅಷ್ಟುದ್ದದ ಬಟ್ಟೆ ಬಿಗಿಯಾಗಿ ಕೂರಬೇಕಾದರೆ ದೂರದಲ್ಲಿ ಒಬ್ಬರು ಇನ್ನೊಂದು ತುದಿ ಹಿಡಿದು ಎಳೆದು ನಿಲ್ಲಬೇಕು. ಆ ತುದಿ ಹಿಡಿಯುತ್ತಿದ್ದವಳು ನಾನು. ಅಪ್ಪ ಒಂದೊಂದು ಸುತ್ತಿಗೂ ನನ್ನ ಕಡೆ ಒಂದೊಂದು ಹೆಜ್ಜೆ ಬರುತ್ತಿದ್ದ. ಕೊನೆಗೆ ನನ್ನ ಎದುರೇ ನಿಂತು, ತುದಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಸಿಕ್ಕಿಸಿಕೊಳ್ಳುತ್ತಿದ್ದ. ದೊಡ್ಡ ಕುಸ್ತಿಯೊಂದನ್ನು ಗೆದ್ದಾಗ ಊರವರು ಅವನಿಗೆ ಸುತ್ತಿದ ಕುಸುಬಿ ಬಣ್ಣದ ಪಟಕ ನನ್ನ ಟ್ರಂಕಿನಲ್ಲಿ ನನ್ನ ಜೊತೆಯೇ ಲಂಡನ್ನಿಗೆ ಬಂದಿತ್ತು.

ಅಂದಿನಿಂದ ಪಕ್ಕದ ಮನೆಯವರಿಗೆ ನಾನು ಇಟ್ಟ ಹೆಸರು ವಸ್ತಾದರು. ಅವರೂ ನೀಲಾ ಕರೆಯುವುದನ್ನು ಕೇಳಿ ನನ್ನನ್ನು ಆಯಿ, ಅಂದರೆ ಅಜ್ಜಿ, ಎಂದೇ ಕರೆದರು. ಅವರಿಗಿಂತ ನಾನು ಚಿಕ್ಕವಳು, ಇರಲಿ.

ಒಮ್ಮೆ ಸೌತ್‌ಹಾಲ್‌ಗೆ ಹೋದಾಗ ಅವರಿಗೊಂದು ಉಣ್ಣೆಯ ಟೋಪಿ ತಂದುಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡರು, ಕೆನ್ನೆಗೆ ಒತ್ತಿಕೊಂಡರು, ಮಡಚಿ ಕೋಟಿನ ಕಿಸೆಯಲ್ಲಿಟ್ಟುಕೊಂಡರು. ಚಳಿಗಾಲ ಪೂರ್ತಿ ಅದು ಕಿಸೆಯಲ್ಲೇ ಓಡಾಡಿತು. ಕೈ ಬೆಚ್ಚಗಾಗಲು ಅದನ್ನು ಹಿಡಿದುಕೊಳ್ಳುತ್ತಿದ್ದರೇ ಹೊರತು ತಲೆಗೇರಿಸಲಿಲ್ಲ.

ನೀಲಾಳಿಗೆ ಹತ್ತು ವರ್ಷವಾದಾಗ ಮನೆಯಲ್ಲಿ, ಜಾಣ ಮಕ್ಕಳನ್ನಷ್ಟೇ ಆರಿಸಿಕೊಳ್ಳುವ ಗ್ರಾಮರ್ ಸ್ಕೂಲಿನ ಪರೀಕ್ಷೆಯ ಜ್ವರ ಏರಿತು. ಸಟನ್ನಿನಲ್ಲಿ ನಮ್ಮಂಥವರು ಮನೆ ಮಾಡುವುದೇ ಆ ಶಾಲೆಗಳಿಗಾಗಿ. ಮಗ ಒಂದು ಸಂಜೆ ಚೆಂಡನ್ನು ಎತ್ತಿ ಕಪಾಟಿನ ಮೇಲಿಟ್ಟ.

"ಅವ್ವಾ, ಇನ್ನ ಆಟ ಬಂದ್. ಇಲೆವೆನ್ ಪ್ಲಸ್ ಪರೀಕ್ಷಾ ಮುಗೀಲಿ. ಅಷ್ಟಕ್ಕೂ ಫುಟ್‌ಬಾಲ್ ಆಡಿ ಏನ ಮಾಡತಾಳ? ಹೆಣ್ಮಕ್ಕಳ ಟೀಮ್ ಎಲ್ಲೈತಿ?"

"ನಿಮ್ಮಜ್ಜ ಕುಸ್ತಿ ಆಡಿ ಏನ ಮಾಡಿದಾ? ಆ ಪೈಲವಾನನ ಮೊಮ್ಮಗ ಅಂತ ನಿನಗ ಹಾಸ್ಟೆಲಿನಾಗ ಸೀಟ್ ಕೊಟ್ರಪ್ಪ," ಎಂದೆ. ಮಗ ಕೇಳಿಸಿಕೊಳ್ಳದವನಂತೆ ಪೇಪರ್ ತೆರೆದ. ನೀಲಾ ಅಳಲಿಲ್ಲ. ಊಟ ಬಿಟ್ಟಳು, ಅಷ್ಟೇ.

ಮರುದಿನ ಭಾನುವಾರ. ಬೆಲ್ ಹೊಡೆಯಿತು. ನೋಡಿದರೆ ವಸ್ತಾದರು. ಕಪ್ಪು ಸೂಟು, ಟೈ, ಕನ್ನಡಿಯಂಥ ಬೂಟು, ಕೈಯಲ್ಲಿ ಶುಂಠಿಯ ಕೇಕು, ಮೇಲೆ ಅದೇ ಬರಿತಲೆ. ಹೆಣ್ಣು ಕೇಳಲು ಬಂದ ಬೀಗರ ಹಾಗೆ ಸೋಫಾದ ತುದಿಯಲ್ಲಿ ಕೂತರು. ಮಗ ಗಾಬರಿಯಾದ. ನೀಲಾ ನನ್ನ ಪಕ್ಕ ನಿಂತು ಒಂದೊಂದೇ ಮಾತನ್ನು ಕಿವಿಗೆ ಹಾಕುತ್ತಾ ಹೋದಳು.

"ಡಾಕ್ಟರ್, ನಿಮ್ಮ ಮಗಳ ಸಂಜಿ ಕೇಳಾಕ ಬಂದೀನಿ."

"ಸರ್, ಆಕಿಗೆ ಪರೀಕ್ಷಾ ಐತಿ. ಹೆಣ್ಮಕ್ಕಳ ತಂಡನೂ ಇಲ್ಲ."

"ಇಲ್ಲ. ಇಲ್ಲಂತಲೇ ಬಂದೀನಿ. ನಾ ಆಡಿದ ತಂಡದಾಗೂ ನನ್ನಂಥಾವ್ರು ಇರಲಿಲ್ಲ."

ಆಮೇಲೆ ಆ ದೊಡ್ಡ ಕಥೆ ಹೇಳಿದರು. ಜಮೈಕಾದಿಂದ ಹಡಗು ಹತ್ತಿ, ಲಂಡನ್ನಿನ ಒಂದು ಹಳೆಯ ಕಾಲೇಜಿಗೆ ಮಾಸ್ತರಿಕೆ ಕಲಿಯಲು ಬಂದಾಗ ಅವರಿಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಆ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಅಲ್ಲಿಯವರೆಗೆ ಕಪ್ಪು ಹುಡುಗನೊಬ್ಬ ಆಡಿದ್ದೇ ಇಲ್ಲ. ಇವರನ್ನು ಬಹಳ ದಿನ ಗೆರೆಯ ಹೊರಗೆ ನಿಲ್ಲಿಸಿದರು. ಕೊನೆಗೆ ಬೇರೆ ದಾರಿ ಇಲ್ಲದೆ ಒಳಗೆ ಬಿಟ್ಟರು. ಬಿಟ್ಟ ಮೇಲೆ ಇವರಿಲ್ಲದೆ ತಂಡ ಗೆಲ್ಲುತ್ತಿರಲಿಲ್ಲ. ಗೆರೆಯ ಆಚೆ ನಿಂತವರು…

ನೀಲಾ ಅಲ್ಲಿಗೆ ನಿಲ್ಲಿಸಿದಳು.

ಉಳಿದದ್ದನ್ನು ನನ್ನ ಮಗ ಕನ್ನಡಕ್ಕೆ ತಂದ. ನನ್ನ ಕಡೆ ನೋಡದೆ ಹೇಳಿದ. "ಇವರ ಕಾಲಿಗೆ ಚೆಂಡು ಬಂದಾಗೆಲ್ಲ ಜನ ಮಂಗ್ಯಾನ ಹಂಗ ಒದರತಿದ್ರಂತ, ಅವ್ವಾ. ಬಾಳೆಹಣ್ಣಿನ ಸಿಪ್ಪಿ ಒಗೀತಿದ್ರಂತ."

ವರ್ಷದ ಕೊನೆಗೆ ತಂಡದಲ್ಲಿ ಆಡಿದವರಿಗೆಲ್ಲ ಕಾಲೇಜಿನ ಟೋಪಿ ಕೊಡುವ ಪದ್ಧತಿ. ನೀಲಿ ಮಖಮಲ್ಲು, ಹಳದಿ ಗೊಂಡೆ. ದೊಡ್ಡ ಊಟದ ಮನೆಯಲ್ಲಿ ಒಬ್ಬೊಬ್ಬರ ಹೆಸರು ಕರೆದು ತಲೆಯ ಮೇಲಿಟ್ಟರು. ಇವರ ಹೆಸರು ಬರಲೇ ಇಲ್ಲ. ಹೋಗಿ ಕೇಳಿದ್ದಕ್ಕೆ, ನಿನ್ನ ತಲೆಯ ಅಳತೆಯದು ಅಂಗಡಿಯವನ ಹತ್ತಿರ ಇರಲಿಲ್ಲ ಎಂದರಂತೆ. ಸುತ್ತಲಿದ್ದವರು ನಕ್ಕರಂತೆ.

ಮರುವರ್ಷ ನೈಜೀರಿಯಾದಿಂದ ಇನ್ನೊಬ್ಬ ಹುಡುಗ ಬಂದ. ಅವನೂ ವರ್ಷವಿಡೀ ಆಡಿದ. ಕೊನೆಯ ಆಟದ ದಿನ ತಂಡವೆಲ್ಲ ಮೈದಾನಕ್ಕೆ ಇಳಿಯುವಾಗ ವಸ್ತಾದರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತರು. ಈ ಹುಡುಗನ ತಲೆಯ ಅಳತೆಯ ಟೋಪಿ ಇದೆ ಎಂದು ನಾನು ಕಣ್ಣಾರೆ ನೋಡಿದ ಮೇಲೆ ಕಾಲಿಗೆ ಬೂಟು ಎಂದರು. ರೆಫರಿ ಸೀಟಿ ಊದಿದ. ಎದುರಾಳಿಗಳು ಕಾದರು. ಯಾರೋ ಓಡಿ ಹೋಗಿ ಟೋಪಿ ತಂದು ತೋರಿಸಿದರು. ಆಗ ಎದ್ದರು.

"ನಿಮ್ಮದು ಯಾಕ ಕೇಳಲಿಲ್ಲ?" ನನ್ನ ಮಗ ಕೇಳಿದ.

"ನಂದು ಕೇಳಿದ್ರ ಜಗಳಗಂಟ ಅಂತಿದ್ರು. ಅವಂದು ಕೇಳಿದೆ, ಏನ ಅನ್ನಬೇಕು ತಿಳೀಲಿಲ್ಲ." ತಲೆಯ ಮೇಲೆ ಕೈಯಾಡಿಸಿಕೊಂಡರು. "ಅವತ್ತಿನಿಂದ ಈ ತಲಿಗೆ ಏನೂ ಇಟ್ಟಿಲ್ಲ. ಆ ಟೋಪಿನಽ ಬರಬೇಕು, ಇಲ್ಲಾ ಏನೂ ಬ್ಯಾಡ."

ಆಸ್ಪತ್ರೆಯಲ್ಲಿ ನನ್ನ ಮಗನಿಂದ ಕೆಲಸ ಕಲಿತ ಬಿಳಿಯರು ಅವನನ್ನು ದಾಟಿ ಮೇಲೆ ಹೋದದ್ದು ನನಗೆ ಗೊತ್ತಿತ್ತು. ಮನೆಯಲ್ಲಿ ಅವನು ಅದನ್ನು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಎದ್ದು ಕಪಾಟಿನ ಮೇಲಿನ ಚೆಂಡು ತೆಗೆದು ನೀಲಾಳ ಕೈಗಿಟ್ಟ.

"ದಿನಾ ಒಂದ ತಾಸು. ಮ್ಯಾಲ ಒಂದ ನಿಮಿಷ ಆದ್ರ ನೋಡು."

"ನಾನಽ ಹೊರಗ ಹಾಕ್ತೀನಿ," ಎಂದರು ವಸ್ತಾದರು.

ಹಾಗೆಯೇ ನಡೆದುಕೊಂಡರು. ಗೋಲು ಹೊಡೆಯಲು ಕಾಲು ಎತ್ತಿದ್ದರೂ ಹೊತ್ತಾಯಿತೆಂದರೆ ಸೀಟಿ ಊದಿ ಮನೆಗೆ ಅಟ್ಟುತ್ತಿದ್ದರು. ನೀಲಾ ಪರೀಕ್ಷೆ ಪಾಸಾದಳು. ವಸ್ತಾದರು ಅದೇ ಸೂಟು ಹಾಕಿಕೊಂಡು, ಅದೇ ಕೇಕು ಹಿಡಿದು, ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಕೇಳಿ ತಂದರು. ಗುಜರಾತಿಗಳ ಮಗಳು, ಪೋಲೆಂಡಿನವರ ಅವಳಿ ಜವಳಿ, ರಸ್ತೆಯ ತುದಿಯ ಬಿಳಿಯರ ಕೆಂಪುಕೂದಲಿನ ಹುಡುಗಿ. ಪಾರ್ಕಿನಲ್ಲಿ ತಂಡವೊಂದು ಎದ್ದು ನಿಂತಿತು. ನಾನು ಚಪಾತಿಯಲ್ಲಿ ಬೆಲ್ಲ ತುಪ್ಪ ಸುರುಳಿ ಸುತ್ತಿ ಡಬ್ಬಿ ತುಂಬಾ ಒಯ್ಯುತ್ತಿದ್ದೆ. ಕೆಂಪುಕೂದಲಿನವಳು ಈಗಲೂ ಸಿಕ್ಕಲ್ಲಿ ಕೇಳುತ್ತಾಳೆ, ರೋಲ್ ಇದೆಯಾ ಆಯಿ ಎಂದು.

ವಸ್ತಾದರಿಗೆ ಒಂದು ಮಾತು ಬಹಳ ಇಷ್ಟ. ಯಾರಾದರೂ ಬಣ್ಣದ ಮಾತೆತ್ತಿ ಕೆಣಕಿದಾಗ, ರೆಫರಿ ಮೋಸ ಮಾಡಿದಾಗ, ಹುಡುಗಿಯರನ್ನು ಹತ್ತಿರ ಕರೆದು ಹೇಳುತ್ತಿದ್ದರು. "ಸಿಟ್ಟು ಬಂತಾ? ಬರಲಿ. ಅದನ್ನ ಕಾಲಿಗೆ ಇಳಸ್ರಿ." ನಾನು ಅಡುಗೆಮನೆಯಲ್ಲಿ ಸೊಸೆಯ ಮೇಲೆ ಸಿಟ್ಟು ಬಂದಾಗ ಪ್ರಯತ್ನ ಮಾಡಿ ನೋಡಿದ್ದೇನೆ. ಕಾಲು ನೋಯುತ್ತದೆ, ಮನೆ ಶಾಂತವಾಗಿರುತ್ತದೆ.

ಕಾಲೇಜು ಸೇರುವ ಹೊತ್ತಿಗೆ ನೀಲಾ ಫಿಸಿಯೋಥೆರಪಿ ಓದುತ್ತೇನೆ ಎಂದಳು. ಎಲ್ಲಿ ಎಂದರೆ, ವಸ್ತಾದರು ಆಡಿದ ಅದೇ ಕಾಲೇಜು. ಅದನ್ನು ಅವರಿಗೆ ಹೇಳಲು ಓಡಿ ಹೋದಳು. ಅವರು ಬಾಗಿಲು ತೆಗೆದು ಕೇಳಿಸಿಕೊಂಡರು, ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಮೇಲೆ ನಮ್ಮ ಬೇಲಿಯ ಹತ್ತಿರ ಬಂದು ನನಗೆ ಹೇಳಿದ ಮಾತು ಇದು. "ಆಯಿ, ಒಂದಽ ಆಸೆ ಐತಿ. ಆಕಿ ತಲಿ ಮ್ಯಾಲ ಆ ಟೋಪಿ ಇಡೂದು ನೋಡಬೇಕು. ಅಲ್ಲೀತನಕ ಈ ಎದಿ ಬಡೀಬೇಕು."

ಎದೆಯ ಮಾತು ಸುಮ್ಮನೆ ಹೇಳಿದ್ದಲ್ಲ. ಆ ವರ್ಷ ಅವರ ಹೃದಯ ಸೋಲಲು ಶುರುವಾಗಿತ್ತು. ಓಡುವುದು ನಿಂತಿತ್ತು, ಹಬೆಯೂ ನಿಂತಿತ್ತು. ನನ್ನ ಮಗ ದಿನಾ ಕೆಲಸ ಮುಗಿಸಿ ಬಂದು ಮೊದಲು ಅವರ ಮನೆಗೆ ಹೋಗಿ ಕಾಲಿನ ಬಾವು ಒತ್ತಿ ನೋಡಿ, ಆಮೇಲೆ ನಮ್ಮ ಮನೆಗೆ ಬರುತ್ತಿದ್ದ.

ಅತ್ತ ಕಾಲೇಜಿನಲ್ಲಿ ನೀಲಾಳನ್ನು ತಂಡಕ್ಕೆ ತೆಗೆದುಕೊಂಡರು, ಆಡಿಸಲಿಲ್ಲ. ಚಿಕ್ಕವಳು, ತೆಳ್ಳಗಿದ್ದಾಳೆ, ತಡೆಯಲಾರಳು ಎಂದರಂತೆ. ಇಡೀ ಚಳಿಗಾಲ ಬೆಂಚು. ಫೋನಿನಲ್ಲಿ ಅತ್ತಳು.

"ಆಯಿ, ಐ ಜಸ್ಟ್ ಕ್ಯಾರಿ ವಾಟರ್ ಬಾಟಲ್ಸ್. ಬಿಟ್ಟಬಿಡತೀನಿ."

ಆಡಿಸದವರ ವಂಶಕ್ಕೆಲ್ಲ ನಾನು ಬೈಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ವಸ್ತಾದರು ಫೋನು ಕಸಿದುಕೊಂಡರು. ಏನು ಹೇಳಿದರೆಂದು ಆಮೇಲೆ ನೀಲಾ ತಿಳಿಸಿದಳು. "ಬಾಟಲಿ ಒಯ್ಯೂದು ಚಲೋ ಜಾಗಾ. ಆ ಕಡೆಯಾವ್ರು ಯಾವ ಕಾಲಿಗೆ ಹೆದರತಾರ, ಅಲ್ಲಿಂದ ಛಂದ ಕಾಣತೈತಿ. ನೋಡಕೋತ ಇರು. ನಾ ಇನ್ನೂ ಇದ್ದೀನಿ."

ನಾ ಇನ್ನೂ ಇದ್ದೀನಿ. ಆ ಮಾತಿನ ಮೇಲೆ ಅವಳು ಬಿಡಲಿಲ್ಲ.

ಚಳಿ ಇನ್ನೂ ಹಿಂದೆಗೆಯದ ಒಂದು ಶನಿವಾರ ಆಟವಿತ್ತು. ವಸ್ತಾದರು ಆಸ್ಪತ್ರೆಯಿಂದ ಬಂದು ವಾರವೂ ಆಗಿರಲಿಲ್ಲ. ಆಡುವುದು ಖಾತ್ರಿಯಿಲ್ಲ ಎಂದು ನೀಲಾ ಹೇಳಿದರೂ ಅವರು ಬರುತ್ತೇನೆಂದು ಹಟ ಹಿಡಿದರು. ಮಗ ಅಂಗಳದಲ್ಲಿ ನನ್ನನ್ನು ಪಕ್ಕಕ್ಕೆ ಕರೆದ.

"ಅವ್ವಾ, ಈ ಥಂಡಿಯೊಳಗ ಇವರನ್ನ ಕರಕೊಂಡ ಹೋಗೂದು ಡಾಕ್ಟರಾಗಿ ನಾ ಒಪ್ಪೂದಿಲ್ಲ. ನೀನಽ ಹೇಳು."

ಹೇಳೋಣವೆಂದು ತಿರುಗಿದರೆ ವಸ್ತಾದರು ಆಗಲೇ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಕಿಟಕಿ ಇಳಿಸಿ ಮಗನಿಗೆ ಏನೋ ಅಂದರು. ಅವನು ನಗುತ್ತಾ ನನಗೆ ಹೇಳಿದ, "ಬೆಲ್ಟ್ ಹಾಕಿಕೊಂಡಾಗೈತಿ, ಇನ್ನ ಗಾಡಿ ಬಿಡೂದು ನಿನ್ನ ಧರ್ಮ ಅನ್ನಾಕತ್ತಾರ."

ಥೇಮ್ಸ್ ದಾಟಿ ಹೋದೆವು. ಕಾಲೇಜಿನ ಅದೇ ಹಳೆಯ ಮೈದಾನದಲ್ಲಿ ಮಡಚುವ ಕುರ್ಚಿ ಹಾಕಿಕೊಟ್ಟರೂ ಅವರು ಕೂರಲಿಲ್ಲ, ಅದರ ಬೆನ್ನು ಹಿಡಿದು ನಿಂತರು. ಒಂದು ಮೂಲೆಯನ್ನು ಬಹಳ ಹೊತ್ತು ನೋಡುತ್ತಿದ್ದರು. ಸಿಪ್ಪೆ ಒಗೆಯುತ್ತಿದ್ದವರು ನಿಲ್ಲುತ್ತಿದ್ದ ಮೂಲೆ ಅದೆಂದು ನಾನು ಕೇಳದೆಯೇ ತಿಳಿದುಕೊಂಡೆ. ಅಂದು ಅಲ್ಲಿ ಒಂದು ಕಸದ ಡಬ್ಬಿಯೂ ಒಂದು ನಾಯಿಯೂ ಇದ್ದವು.

ಆಟ ಮುಕ್ಕಾಲು ಮುಗಿದಾಗ ನಮ್ಮ ಕಡೆಯ ಹುಡುಗಿಯೊಬ್ಬಳ ಕಾಲು ಹೊರಳಿತು. ನೀಲಾ ಬಾಟಲಿ ಹಿಡಿದು ಓಡಿದಳು. ಬಾಟಲಿ ಬೇರೆಯವರ ಕೈಯಲ್ಲಿ ವಾಪಸು ಬಂತು. ಅವಳು ವಾಪಸು ಬರಲೇ ಇಲ್ಲ! ಒಳಗೇ ಉಳಿದಳು, ಆಡಲು!

ಚೆಂಡು ಅವಳ ಹತ್ತಿರ ಬಂತು, ಹೋಯಿತು, ಮತ್ತೆ ಬಂತು. ಎದುರಿಗೆ ಅವಳ ಎರಡರಷ್ಟು ಎತ್ತರದ ಒಬ್ಬಳು. ಆ ಹುಡುಗಿ ನೀಲಾಳ ಬಲಗಾಲಿಗೆ ಅಡ್ಡ ನಿಂತಳು. ಎಲ್ಲರೂ ಹಾಗೆಯೇ ನಿಲ್ಲುತ್ತಾರೆ. ನೀಲಾ ನನ್ನ ಕೊತ್ತಂಬರಿ ಹಾಳು ಮಾಡಿದ ಆ ಎಡಗಾಲನ್ನು ಎತ್ತಿದಳು. ಚೆಂಡು ಬಲೆಯಲ್ಲಿ ಬಿದ್ದದ್ದನ್ನು ನಾನು ನೋಡಲಿಲ್ಲ. ಬಲೆ ಉಬ್ಬಿದ್ದನ್ನು ನೋಡಿದೆ.

"ಚಿತ್!" ಎಂದು ಕೂಗಿದೆ. ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದಾಗ ಕೂಗುವ ಹಾಗೆ. "ಚಿತ್ ಮಾಡಿದ್ಲು ನನ್ನ ಮೊಮ್ಮಗಳು!" ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿದೆ. ನಾಯಿ ಬೊಗಳಿತು. ಬಿಳಿಯ ಹೆಂಗಸೊಬ್ಬಳು ನನ್ನನ್ನು ತಬ್ಬಿಕೊಂಡಳು, ಯಾರೋ ಏನೋ. ವಸ್ತಾದರು ಕುಣಿಯಲಿಲ್ಲ, ಚಪ್ಪಾಳೆ ಹೊಡೆಯಲಿಲ್ಲ. ಕುರ್ಚಿ ಬಿಟ್ಟು ಗೆರೆಯ ತನಕ ನಡೆದು ಹೋಗಿ, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಒಂದೇ ಮಾತು ಕೂಗಿದರು. ಅದು ನನಗೆ ಇಂಗ್ಲಿಷಿನಲ್ಲೂ ತಿಳಿಯಿತು.

ಮತ್ತೊಮ್ಮೆ.

ಆಮೇಲೆ ಅವಳನ್ನು ಬೆಂಚಿನಲ್ಲಿ ಕೂರಿಸಲು ಯಾರಿಗೂ ಧೈರ್ಯವಾಗಲಿಲ್ಲ. ವರ್ಷದ ಕೊನೆಗೆ ಅದೇ ಊಟದ ಮನೆಯಲ್ಲಿ ಅವಳ ಹೆಸರು ಕರೆದರು. ವಸ್ತಾದರು ಅಷ್ಟರಲ್ಲಿ ಹಾಸಿಗೆಯಿಂದ ಕುರ್ಚಿಗೆ ಬರುವಷ್ಟೇ ಆಗಿದ್ದರು, ಹೋಗಲಾಗಲಿಲ್ಲ. ನೀಲಾ ಮರುದಿನ ಬೆಳಿಗ್ಗೆ ನಮ್ಮ ಮನೆಗೂ ಬರದೆ ನೇರ ಅವರ ಮನೆಗೆ ಹೋದಳು. ನಾನೂ ಮಗನೂ ಹಿಂದೆಯೇ ಓಡಿದೆವು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನೀಲಾ ಚೀಲದಿಂದ ಟೋಪಿ ತೆಗೆದಳು. ನೀಲಿ ಮಖಮಲ್ಲು, ಹಳದಿ ಗೊಂಡೆ, ಅವರು ಹೇಳಿದ್ದ ಹಾಗೆಯೇ. ಅವರು ಮೊದಲು ಅದನ್ನು ಅವಳ ತಲೆಯ ಮೇಲೆ ಇಡಿಸಿ ನೋಡಿದರು, ಈ ಕಡೆ ತಿರುಗು, ಆ ಕಡೆ ತಿರುಗು ಎಂದು. ಆಮೇಲೆ ನೀಲಾ ಅದನ್ನು ತೆಗೆದು, "ಈಗ ನಿಮ್ಮ ಸರದಿ," ಎಂದಳು. ಅವರು ಬೇಡವೆನ್ನುವಂತೆ ಕೈ ಎತ್ತಿದರು. ಕೈ ಅರ್ಧಕ್ಕೆ ನಿಂತಿತು. ಕಣ್ಣು ಮುಚ್ಚಿ ತಲೆ ಬಾಗಿಸಿದರು.

ನೀಲಾ ಟೋಪಿ ಇಟ್ಟಳು. ಅದು ಬೋಗುಣಿಯ ಮೇಲೆ ಚಹಾದ ಬಟ್ಟಲು ಕವುಚಿದ ಹಾಗೆ ಕೂತಿತು, ಜಾರಿತು. ಎತ್ತಿ ಮತ್ತೆ ಇಟ್ಟಳು. ಮತ್ತೆ ಜಾರಿ ಮಡಿಲಿಗೆ ಬಿತ್ತು. ಯಾರಿಗೂ ಯಾರ ಮುಖ ನೋಡಲೂ ಆಗಲಿಲ್ಲ.

ಮೊದಲು ನಕ್ಕವರು ವಸ್ತಾದರೇ. ಆ ಸೋತ ಎದೆಯಲ್ಲಿ ಅಷ್ಟು ನಗು ಎಲ್ಲಿತ್ತೋ! ಮೊದಲ ದಿನದ್ದೇ ನಗು, ಕಿಟಕಿಯ ಗಾಜು ಅದುರಿತು. "ಖರೇನ ಹೇಳಿದ್ರಲ್ಲೋ! ಅಂಗಡಿಯವನ ಹತ್ರ ನನ್ನ ಸೈಜು ಖರೇನ ಇರಲಿಕ್ಕಿಲ್ಲ!" ನಾವೂ ನಕ್ಕೆವು. ನಗು ಇಳಿದ ಮೇಲೆ ಅವರ ಕೈ ಮಾತ್ರ ಬರಿತಲೆಯ ಮೇಲೆಯೇ ಉಳಿಯಿತು. ಟೋಪಿಯನ್ನು ಇನ್ನೊಂದು ಕೈಯಿಂದ ಮೆಲ್ಲಗೆ ನೀಲಾಳತ್ತ ತಳ್ಳಿದರು.

ನಾನು ಮನೆಗೆ ಓಡಿದೆ. ಟ್ರಂಕು ತೆಗೆದೆ. ಡಾಂಬರು ಗುಳಿಗೆಯ ವಾಸನೆಯ ಜೊತೆ ಅಪ್ಪನ ಪಟಕ ಕೈಗೆ ಬಂತು. ತಂದು ಬಿಚ್ಚಿದೆ.

"ನೀಲಾ, ಈ ತುದಿ ಹಿಡಿ. ಹಿಂದ ಸರಿ. ಇನ್ನೂ ಸರಿ. ಬಾಗಲದಾಚೆ ಹೋಗು. ಬಿಗಿ ಹಿಡಿ, ಸಡಲ ಬಿಡಬ್ಯಾಡ."

"ಅವ್ವಾ," ಎಂದ ಮಗ ಮೆಲ್ಲಗೆ, "ಹೆಣ್ಮಕ್ಕಳು ಪಟಕ ಸುತ್ತತಾರೇನು?"

"ಇವತ್ತಿನಿಂದ ಸುತ್ತತಾರ."

ನೀಲಾ ಹೊರಬಾಗಿಲ ಹತ್ತಿರದಿಂದ ಕೂಗಿದಳು, "ಆಯಿ, ವಾಟ್ ಇಫ್ ಇಟ್ ಡಸಂಟ್ ಫಿಟ್?"

"ಪಟಕಕ್ಕ ಅಳತಿ ಇರೂದಿಲ್ಲವಾ. ತಲಿ ಎಷ್ಟು ದೊಡ್ಡದೋ ಅಷ್ಟು ಸುತ್ತಬೇಕು."

ಅವರು ಅಪ್ಪನ ಹಾಗೆ ನಡೆದು ಬರಲಾರರು. ಅದಕ್ಕೆ ಅವರು ಕೂತಲ್ಲೇ ಕೂತರು, ನಾನು ಕುರ್ಚಿಯ ಸುತ್ತ ತಿರುಗಿದೆ, ನೀಲಾ ಬಟ್ಟೆ ಬಿಗಿ ಹಿಡಿದು ಒಂದೊಂದು ಸುತ್ತಿಗೂ ಒಂದೊಂದು ಹೆಜ್ಜೆ ಒಳಗೆ ಬಂದಳು. ಕೊನೆಗೆ ಅವರ ಎದುರು ಬಂದು ನಿಂತಳು. ತುದಿಯನ್ನು ಅವಳ ಕೈಯಿಂದ ತೆಗೆದುಕೊಂಡು ಸಿಕ್ಕಿಸಿದೆ. ಆ ಕಪ್ಪು ಮುಖದ ಮೇಲೆ ಕುಸುಬಿ ಬಣ್ಣ ಬೆಂಕಿಯ ಹಾಗೆ ಕೂತಿತು. ನಮ್ಮಪ್ಪ ಗೆದ್ದ ದಿನವೂ ಅಷ್ಟು ಚಂದ ಕಂಡಿರಲಿಲ್ಲ.

ಕನ್ನಡಿ ಕೇಳಿದರು. ಬಹಳ ಹೊತ್ತು ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ್ದನ್ನು ನೀಲಾ ಅಳುತ್ತಾ ಕನ್ನಡಕ್ಕೆ ತಂದಳು. "ಆಯಿ, ಮೊದಲ ದಿನ ನೀವು ರೊಟ್ಟಿ ತಂದು ಯಾರು ತೀರಿಕೊಂಡ್ರು ಅಂತ ಕೇಳಿದ್ರಿ. ಈ ದೇಶದಾಗ ಹಂಗ ಕೇಳಿದಾವ್ರು ನೀವೊಬ್ರಽ."

ಎಲೆ ಉದುರುವ ಕಾಲದಲ್ಲಿ ಅವರು ಹೋದರು. ಮಗಳು ಬರ್ಮಿಂಗ್‌ಹ್ಯಾಮಿನಿಂದ ಬಂದು, ಪಟಕವನ್ನು ಏನು ಮಾಡಲಿ ಎಂದು ನನ್ನನ್ನು ಕೇಳಿದಳು. ಅವರದು ಅವರ ಜೊತೆ ಹೋಗಲಿ ಎಂದೆ. ಅಂದು ಮಳೆ. ಪಾರ್ಕಿನ ಹುಡುಗಿಯರೆಲ್ಲ ಬೆಳೆದು ದೊಡ್ಡವರಾಗಿ ಬಂದಿದ್ದರು. ಈ ದೇಶದ ಪದ್ಧತಿಯಂತೆ ಗಂಡಸರೆಲ್ಲ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಮಳೆಯಲ್ಲಿ ಬರಿತಲೆಯಲ್ಲಿ ನಿಂತಿದ್ದರು. ಅಷ್ಟು ಜನರಲ್ಲಿ ಪಟಕ ಇದ್ದದ್ದು ಅವರೊಬ್ಬರಿಗೇ.

ಇದನ್ನು ಬರೆಯಲು ನನ್ನಂಥವಳು ಕೂತದ್ದಕ್ಕೆ ಕಾರಣ ಮೊನ್ನೆಯ ಫೋನು. ನೀಲಾ ಈಗ ಕಾಲೇಜಿನ ತಂಡದ ಕ್ಯಾಪ್ಟನ್. ಅವಳ ತಂಡದಲ್ಲಿ ಸೊಮಾಲಿಯಾದ ಹುಡುಗಿಯೊಬ್ಬಳಿದ್ದಾಳೆ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡೇ ಆಡುತ್ತಾಳೆ. ವರ್ಷವಿಡೀ ಆಡಿದಳು. ಟೋಪಿಯ ಪಟ್ಟಿಯಲ್ಲಿ ಅವಳಿರಲಿಲ್ಲ. ಸ್ಕಾರ್ಫಿನ ಮೇಲೆ ಟೋಪಿ ಕೂರುವುದಿಲ್ಲ, ಬದಲಿಗೆ ಒಂದು ಚಹಾದ ಕಪ್ಪು-ಸಾಸರು ಕೊಡುತ್ತೇವೆ ಎಂದಿದ್ದರಂತೆ ಯಾರೋ ದೊಡ್ಡವರು.

"ಮತ್ತ ನೀ ಏನ ಮಾಡಿದಿ?" ಎಂದು ಕೇಳಿದೆ. ಗೊತ್ತಿತ್ತು, ಆದರೂ ಕೇಳಿದೆ.

"ಬೂಟ್ ಬಿಚ್ಚಿ ಕುಂತೆ, ಆಯಿ. ಲಾಸ್ಟ್ ಮ್ಯಾಚ್. ಎಲ್ಲಾರೂ ಕುಂತ್ರು. ಹೋಲ್ ಟೀಮ್. ಬೂಟ್ ಕೈಯಾಗ ಹಿಡಕೊಂಡು."

"ರೆಫರಿ?"

"ಸೀಟಿ ಊದಿದ. ನಾವು ಏಳಲಿಲ್ಲ."

"ಟೋಪಿ?"

"ತಂದ್ರು ಆಯಿ. ದೊಡ್ಡ ಸೈಜು. ಸ್ಕಾರ್ಫ್ ಮ್ಯಾಲ ಕರೆಕ್ಟ್ ಕೂತೈತಿ!"

ಕಿಟಕಿಯ ಆಚೆ ಪಕ್ಕದ ಮನೆಯ ಹಿತ್ತಲಿನಲ್ಲಿ ಈಗ ಬೇರೆ ಯಾರದೋ ಬಟ್ಟೆ ಒಣಗುತ್ತಿತ್ತು. ಕಣ್ಣು ಮಂಜಾಗಿ ಅದು ಬಿಳಿ ಹಬೆಯ ಹಾಗೆ ಕಂಡಿತು. ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ.

"ಮತ್ತೊಮ್ಮೆ ಹೇಳು," ಎಂದೆ.

ಹೇಳಿದಳು.

"ಮತ್ತೊಮ್ಮೆ."